‘ಪ್ರೈಮರಿ ಸೋರ್ಸ್’ ಎಂಬುದಕ್ಕೆ ‘ಪ್ರಾಥಮಿಕ ಆಕರ’ ಒಪ್ಪುತ್ತದೆಯೇ? ಅಮೆರಿಕದ ಇತಿಹಾಸ ಶಿಕ್ಷಕರ ಪರಿಭಾಷೆಯ ಬಗ್ಗೆ

ಮಾನ್ಯರೇ,

ಅಮೆರಿಕದ ಶಾಲೆಗಳಲ್ಲಿ ಆ ದೇಶದ ಇತಿಹಾಸವನ್ನು ಕಲಿಸುವ ಶಿಕ್ಷಕರಿಗೆ ಯಾವ ಬಗೆಯ ಬೋಧನಸಾಮಗ್ರಿ ಮತ್ತು ತರಬೇತಿ ದೊರೆಯುತ್ತದೆ ಎಂಬುದನ್ನು ವಿವರಿಸುವ ಲೇಖನವೊಂದನ್ನು ನಮ್ಮ ಪ್ರೌಢಶಾಲೆಗಳ ಸಮಾಜ ವಿಜ್ಞಾನ ಶಿಕ್ಷಕರಿಗಾಗಿ ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಪುಟಪುಟಕ್ಕೂ ಬರುವ ಎರಡು ಪದಗಳಿಗೆ ಈಗ ಬಳಕೆಯಲ್ಲಿರುವ ಕನ್ನಡ ರೂಪಗಳು ತೃಪ್ತಿಕರವಾಗಿಲ್ಲವೆಂದು ನನಗೆ ತೋರುತ್ತಿರುವುದರಿಂದ ಬಳಗದ ಅಭಿಪ್ರಾಯವನ್ನು ಕೋರುತ್ತಿದ್ದೇನೆ.

ಮೊದಲನೆಯದು ‘ಪ್ರೈಮರಿ ಸೋರ್ಸ್’, ಎಂದರೆ ಒಂದು ಕಾಲದಲ್ಲಿ ಬದುಕಿದವರೇ ಬಿಟ್ಟುಹೋದ ಪತ್ರ, ದಾಖಲೆ, ಚಿತ್ರ, ಹೇಳಿಕೆಗಳಂಥ ನೇರ ಸಾಮಗ್ರಿ. ಅಲ್ಲಿನ ಶಿಕ್ಷಕರ ಮಟ್ಟಿಗೆ ಇದು ಕೇಂದ್ರಸ್ಥಾನದಲ್ಲಿರುವ ಪದ. ಆ ದೇಶದ ರಾಷ್ಟ್ರೀಯ ಗ್ರಂಥಾಲಯವೆನಿಸಿದ ಲೈಬ್ರರಿ ಆಫ್ ಕಾಂಗ್ರೆಸ್ ಶಿಕ್ಷಕರಿಗಾಗಿ ನಡೆಸುವ ಕಾರ್ಯಕ್ರಮದ ಹೆಸರಿನಲ್ಲಿಯೇ ಈ ಪದವಿದೆ. ಅಲ್ಲಿನ ರಾಷ್ಟ್ರೀಯ ಪತ್ರಾಗಾರವು ‘ಡಾಕ್ಸ್‌ಟೀಚ್’ ಎಂಬ ಜಾಲತಾಣದಲ್ಲಿ ತನ್ನ ಸಂಗ್ರಹದ ಪತ್ರ, ಛಾಯಾಚಿತ್ರ, ನಕ್ಷೆಗಳನ್ನು ತರಗತಿಗೆ ಹೊಂದುವ ಚಟುವಟಿಕೆಗಳ ಸಹಿತ ಉಚಿತವಾಗಿ ಒದಗಿಸುತ್ತದೆ. ನಮ್ಮ ಪದವಿ ತರಗತಿಗಳ ಪಠ್ಯಗಳಲ್ಲಿ ಇದಕ್ಕೆ ‘ಪ್ರಾಥಮಿಕ ಆಕರ’ ಎಂಬ ಪದ ರೂಢಿಯಾಗಿದೆ, ನಿಜ. ಆದರೆ ಶಾಲಾ ಶಿಕ್ಷಕರ ಕಿವಿಗೆ ‘ಪ್ರಾಥಮಿಕ’ ಎಂದೊಡನೆ ನೆನಪಾಗುವುದು ಪ್ರಾಥಮಿಕ ಶಾಲೆ. ‘ಪ್ರಾಥಮಿಕ ಆಕರಗಳ ಮೂಲಕ ಬೋಧನೆ’ ಎಂಬ ಶೀರ್ಷಿಕೆಯನ್ನು ಕಂಡ ಪ್ರೌಢಶಾಲಾ ಶಿಕ್ಷಕರೊಬ್ಬರು ಅದು ಕೆಳಗಿನ ತರಗತಿಗಳಿಗೆ ಸೇರಿದ ಸಾಮಗ್ರಿಯೆಂದು ಭಾವಿಸಿ ಪುಟ ತಿರುವಿದರೆ ತಪ್ಪು ಅವರದಲ್ಲ.

ಬದಲಿಯಾಗಿ ‘ಸಮಕಾಲೀನ ಆಕರ’ ಎನ್ನಬಹುದೇ ಎಂದು ಯೋಚಿಸಿದೆ. ನಮ್ಮ ಶಾಸನ ಅಧ್ಯಯನದಲ್ಲಿ ಇದು ಒಗ್ಗಿದ ಪದವೂ ಹೌದು. ಆದರೆ ಅಮೆರಿಕದ ತರಗತಿಗಳಲ್ಲಿ ಬಹಳವಾಗಿ ಬಳಕೆಯಾಗುವ ಒಂದು ಸಂಗ್ರಹ ಈ ಪದದ ಚೌಕಟ್ಟಿನಲ್ಲಿ ನಿಲ್ಲುವುದಿಲ್ಲ. 1936ರಿಂದ 1938ರ ನಡುವೆ ಬರಹಗಾರರಿಗೆ ಕೆಲಸ ಕೊಡಲು ಸರ್ಕಾರ ನಡೆಸಿದ ಫೆಡರಲ್ ರೈಟರ್ಸ್ ಪ್ರಾಜೆಕ್ಟ್‌ನವರು, ಹಿಂದೆ ಗುಲಾಮಗಿರಿಯಲ್ಲಿ ಬದುಕಿದ್ದ ವೃದ್ಧರನ್ನು ಭೇಟಿಯಾಗಿ 2,300ಕ್ಕೂ ಹೆಚ್ಚು ನಿರೂಪಣೆಗಳನ್ನು ಬರೆದುಕೊಂಡರು. ಗುಲಾಮಗಿರಿ ರದ್ದಾದದ್ದು 1865ರಲ್ಲಿ. ಎಂದರೆ ಈ ಮಾತುಗಳು ದಾಖಲಾಗುವ ಹೊತ್ತಿಗೆ ಎಪ್ಪತ್ತು ವರ್ಷಗಳು ಕಳೆದಿದ್ದವು, ಹೇಳುತ್ತಿದ್ದವರಲ್ಲಿ ಅನೇಕರು ಆ ಕಾಲಕ್ಕೆ ಮಕ್ಕಳಾಗಿದ್ದರು, ಬರೆದುಕೊಳ್ಳುತ್ತಿದ್ದವರಲ್ಲಿ ಹೆಚ್ಚಿನವರು ಬಿಳಿಯರಾಗಿದ್ದುದರಿಂದ ಮನಸ್ಸು ಬಿಚ್ಚಿ ಮಾತಾಡುವುದು ಎಷ್ಟೋ ಮಂದಿಗೆ ಸಾಧ್ಯವಿರಲಿಲ್ಲ. ಇದು ಸಮಕಾಲೀನವಲ್ಲ, ಆದರೂ ಅನುಭವಿಸಿದವರದೇ ಮಾತಾದ್ದರಿಂದ ಪ್ರೈಮರಿ ಸೋರ್ಸ್ ಎಂದೇ ಪರಿಗಣಿತವಾಗುತ್ತದೆ. ‘ಪ್ರತ್ಯಕ್ಷ ಆಕರ’ ಎಂದರೆ ಇವು ಒಳಗೆ ಬರುತ್ತವೆ, ಆದರೆ ತೋಟದ ಮಾಲೀಕನ ಲೆಕ್ಕದ ಪುಸ್ತಕ, ಹಡಗಿನ ಸರಕುಪಟ್ಟಿ, ಜನಗಣತಿಯ ಹಾಳೆಗಳು ಹೊರಗುಳಿಯುತ್ತವೆ.

ಹಾಗಾಗಿ ನನ್ನ ಒಲವು ‘ಮೂಲ ಆಕರ’ದ ಕಡೆಗಿದೆ. ಇದಕ್ಕೂ ಒಂದು ತೊಡಕಿದೆ. ‘ಮೂಲ’ ಎಂದರೆ ನಕಲಲ್ಲದ್ದು ಎಂಬ ಅರ್ಥ ನಮ್ಮಲ್ಲಿ ಬಲವಾಗಿದೆ. ಕಚೇರಿಗಳಲ್ಲಿ ಕೇಳುವ ‘ಮೂಲ ದಾಖಲೆ’ ಎಂಬ ಮಾತೇ ಇದಕ್ಕೆ ಸಾಕ್ಷಿ. ಪತ್ರಾಗಾರದ ಪತ್ರವನ್ನು ಸ್ಕ್ಯಾನ್ ಮಾಡಿ ತರಗತಿಯಲ್ಲಿ ಹಂಚಿದ ಪ್ರತಿಯೂ ಪ್ರೈಮರಿ ಸೋರ್ಸ್ ಆಗಿಯೇ ಉಳಿಯುತ್ತದೆ ಎಂಬುದನ್ನು ಈ ಪದ ಹೇಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಂದು ವಸ್ತು ಮೂಲ ಆಕರವೋ ಅಲ್ಲವೋ ಎಂಬುದು ನಾವು ಕೇಳುವ ಪ್ರಶ್ನೆಯನ್ನು ಅವಲಂಬಿಸಿದೆ. ವಾಷಿಂಗ್ಟನ್ ಡೆಲವೇರ್ ನದಿಯನ್ನು ದಾಟುತ್ತಿರುವುದನ್ನು ತೋರಿಸುವ ಎಮಾನ್ಯುಯೆಲ್ ಲಾಯ್ಟ್ಸನ ಪ್ರಸಿದ್ಧ ವರ್ಣಚಿತ್ರವನ್ನೇ ನೋಡಿ. ನದಿ ದಾಟಿದ್ದು 1776ರ ಡಿಸೆಂಬರಿನಲ್ಲಿ. ಚಿತ್ರ ಸಿದ್ಧವಾದದ್ದು 1851ರಲ್ಲಿ, ಅದೂ ಜರ್ಮನಿಯಲ್ಲಿ. ದೋಣಿಯಲ್ಲಿ ಕಾಣುವ ನಕ್ಷತ್ರಗಳುಳ್ಳ ಪಟ್ಟೆಯ ಧ್ವಜವು ಅಂಗೀಕೃತವಾದದ್ದು 1777ರ ಜೂನ್‌ನಲ್ಲಿ. ಆ ರಾತ್ರಿ ನಡೆದದ್ದೇನು ಎಂಬ ಪ್ರಶ್ನೆಗೆ ಈ ಚಿತ್ರ ದುರ್ಬಲ ಸಾಕ್ಷ್ಯ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರು ವಾಷಿಂಗ್ಟನ್ನನನ್ನು ಹೇಗೆ ಕಲ್ಪಿಸಿಕೊಂಡರು ಎಂಬ ಪ್ರಶ್ನೆಗೆ ಅದೇ ಚಿತ್ರ ಉತ್ತಮವಾದ ಮೂಲ ಆಕರ. ಆದುದರಿಂದ ‘ಆಕರ’ ಮತ್ತು ‘ಸಾಕ್ಷ್ಯ’ ಎಂಬ ಎರಡು ಪದಗಳನ್ನು ಒಂದರ ಬದಲಿಗೆ ಇನ್ನೊಂದನ್ನು ಬಳಸದೆ ಬೇರೆಬೇರೆಯಾಗಿಯೇ ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ‘ಸಂಪನ್ಮೂಲ’ವನ್ನು ಪಾಠಯೋಜನೆ, ಅಭ್ಯಾಸಹಾಳೆ ಮುಂತಾದ ಬೋಧನಸಾಮಗ್ರಿಗೆ ಮೀಸಲಿಟ್ಟರೆ ಗೊಂದಲ ಇನ್ನಷ್ಟು ಕಡಿಮೆಯಾಗುತ್ತದೆ.

ಈ ಆಕರಗಳನ್ನು ಓದುವ ಕ್ರಮಕ್ಕೂ ಪದಗಳು ಬೇಕು. ಇತಿಹಾಸ ಬೋಧನೆಯ ಸಂಶೋಧಕ ಸ್ಯಾಮ್ ವೈನ್‌ಬರ್ಗ್ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ತಂಡವು ರೂಪಿಸಿದ ಪಾಠಗಳಲ್ಲಿ ‘ಸೋರ್ಸಿಂಗ್’, ‘ಕಾಂಟೆಕ್ಸ್ಚುವಲೈಸೇಷನ್’ (ಆಕರವನ್ನು ಅದರ ಕಾಲದೇಶಗಳಲ್ಲಿಟ್ಟು ನೋಡುವುದು), ‘ಕೊರಾಬರೇಷನ್’ (ಒಂದು ಆಕರವನ್ನು ಇನ್ನೊಂದರ ಜೊತೆ ಹೋಲಿಸಿ ನೋಡುವುದು) ಎಂಬ ಹಂತಗಳಿವೆ. ಅಮೆರಿಕದ ಸ್ವಾತಂತ್ರ್ಯಯುದ್ಧ ಆರಂಭವಾದ 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ನಿನಲ್ಲಿ ಮೊದಲು ಗುಂಡು ಹಾರಿಸಿದವರು ಯಾರು ಎಂಬ ಪಾಠದಲ್ಲಿ ವಿದ್ಯಾರ್ಥಿಗಳ ಮುಂದೆ ಎರಡು ಬರಹಗಳನ್ನು ಇಡಲಾಗುತ್ತದೆ. ಬ್ರಿಟಿಷ್ ಅಧಿಕಾರಿ ಜಾನ್ ಬಾರ್ಕರ್ ತನ್ನ ದಿನಚರಿಯಲ್ಲಿ, ಎದುರಿನವರೇ ಒಂದೆರಡು ಗುಂಡು ಹಾರಿಸಿದರೆಂದು ಬರೆದಿದ್ದಾನೆ. ಲೆಕ್ಸಿಂಗ್ಟನ್ನಿನ 34 ಮಂದಿ ಏಪ್ರಿಲ್ 25ರಂದು ನ್ಯಾಯಾಧಿಕಾರಿಗಳ ಮುಂದೆ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯಲ್ಲಿ, ತಾವು ಬೆನ್ನು ತಿರುಗಿಸಿದ್ದಾಗ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರೆಂದಿದೆ. ಒಂದು ಖಾಸಗಿ ದಿನಚರಿ, ಇನ್ನೊಂದು ಆರು ದಿನಗಳ ನಂತರ ಒಟ್ಟಾಗಿ ನೀಡಿದ ಹೇಳಿಕೆ; ಯಾರು, ಯಾವಾಗ, ಯಾರಿಗಾಗಿ ಬರೆದರು ಎಂಬುದನ್ನು ಒಕ್ಕಣೆಗೆ ಮೊದಲೇ ವಿಚಾರಿಸುವುದು ಸೋರ್ಸಿಂಗ್. ಇದಕ್ಕೆ ‘ಆಕರವಿಚಾರ’ ಹೊಂದೀತೇ? ಮೂರನೆಯ ಹಂತಕ್ಕೆ ‘ದೃಢೀಕರಣ’ ಎಂದು ಬರೆಯುವುದನ್ನು ನಾನು ಒಪ್ಪಲಾರೆ, ಏಕೆಂದರೆ ಇಲ್ಲಿ ಎರಡು ಹೇಳಿಕೆಗಳು ಪರಸ್ಪರ ದೃಢಪಡಿಸುವುದೇ ಇಲ್ಲ. ‘ತಾಳೆ ನೋಡುವುದು’ ಎಂಬ ನಮ್ಮ ದಿನಬಳಕೆಯ ಮಾತು ಹೊಂದಿಕೆ, ಹೊಂದಿಕೆಯಾಗದಿರುವಿಕೆ ಎರಡಕ್ಕೂ ಎಡೆಮಾಡಿಕೊಡುತ್ತದೆ. ನಡುವಿನ ಹಂತಕ್ಕೆ ‘ಸಂದರ್ಭೀಕರಣ’ ಸಾಕು.

ಎರಡನೆಯ ಪದ ‘ಪ್ರೊಫೆಷನಲ್ ಡೆವಲಪ್‌ಮೆಂಟ್’, ಎಂದರೆ ಕೆಲಸದಲ್ಲಿರುವ ಶಿಕ್ಷಕರು ತಮ್ಮ ಅರಿವು, ಕೌಶಲಗಳನ್ನು ಬೆಳೆಸಿಕೊಳ್ಳುವುದು. ರಾಷ್ಟ್ರೀಯ ಶಿಕ್ಷಣ ನೀತಿ 2020 ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ಅವಧಿಯನ್ನು ಸೂಚಿಸಿದ ಮೇಲೆ ‘ನಿರಂತರ ವೃತ್ತಿಪರ ಅಭಿವೃದ್ಧಿ’ ಎಂಬ ಮಾತು ನಮ್ಮಲ್ಲೂ ಓಡಾಡುತ್ತಿದೆ. ಶಿಕ್ಷಕರ ಬಾಯಲ್ಲಿ ಮಾತ್ರ ಅದು ‘ಟ್ರೈನಿಂಗ್’ ಅಥವಾ ‘ಪುನಶ್ಚೇತನ ಶಿಬಿರ’. ಇವೆರಡರಲ್ಲೂ ಇಲಾಖೆ ಕೊಡುತ್ತದೆ, ಶಿಕ್ಷಕರು ಪಡೆಯುತ್ತಾರೆ ಎಂಬ ಧ್ವನಿಯಿದೆ. ಸೆನೆಟರ್ ರಾಬರ್ಟ್ ಬರ್ಡ್ ಅವರ ಪ್ರಯತ್ನದಿಂದ 2001ರಲ್ಲಿ ಆರಂಭವಾದ ‘ಟೀಚಿಂಗ್ ಅಮೆರಿಕನ್ ಹಿಸ್ಟರಿ’ ಅನುದಾನದ ಹಿಂದಿದ್ದ ಭಾವನೆ ಬೇರೆ: ಶಾಲಾ ಜಿಲ್ಲೆಗಳು ವಿಶ್ವವಿದ್ಯಾಲಯ, ವಸ್ತುಸಂಗ್ರಹಾಲಯ, ಗ್ರಂಥಾಲಯಗಳ ಜೊತೆಗೂಡಿ ಶಿಕ್ಷಕರ ವಿಷಯಜ್ಞಾನವನ್ನೇ ಬೆಳೆಸಬೇಕೆಂಬುದು ಅದರ ಉದ್ದೇಶವಾಗಿತ್ತು. ಅಮೆರಿಕದ ಇತಿಹಾಸ ಬೋಧನೆಗೆ ಮೀಸಲಾದ ಗಿಲ್ಡರ್ ಲೆರ್ಮನ್ ಸಂಸ್ಥೆ ಬೇಸಿಗೆಯಲ್ಲಿ ನಡೆಸುವ ವಿಚಾರಗೋಷ್ಠಿಗಳಲ್ಲಿಯೂ ಶಿಕ್ಷಕರು ಇತಿಹಾಸಕಾರರ ಜೊತೆ ಕುಳಿತು ಆಕರಗಳನ್ನು ಓದುತ್ತಾರೆ. ಇದು ವಾಸ್ತವವಾಗಿ ವ್ಯಾಸಂಗ. ಆದ್ದರಿಂದ ‘ವೃತ್ತಿವ್ಯಾಸಂಗ’ ಎಂಬ ಪದವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅದು ವೃತ್ತಿಶಿಕ್ಷಣದೊಂದಿಗೆ ಬೆರೆತುಹೋಗುವ ಅಪಾಯ ಇದೆಯೇ ಎಂಬುದನ್ನು, ಮುಖ್ಯವಾಗಿ ತರಬೇತಿ ಸಂಸ್ಥೆಗಳಲ್ಲಿ ಕೆಲಸ ಮಾಡಿದ ಸದಸ್ಯರು, ದಯವಿಟ್ಟು ತಿಳಿಸಬೇಕು.

‘ಮೂಲ ಆಕರ’, ‘ಪ್ರಾಥಮಿಕ ಆಕರ’ ಎಂಬ ಎರಡೂ ರೂಪಗಳು ಹಳೆಯ ಕನ್ನಡ ಇತಿಹಾಸ ಪಠ್ಯಗಳಲ್ಲಿ ಯಾವ ಅರ್ಥಭೇದದಿಂದ ಬಳಕೆಯಾಗಿವೆ ಎಂಬುದಕ್ಕೆ ಯಾರ ಬಳಿಯಾದರೂ ಉದಾಹರಣೆಗಳಿದ್ದರೆ ವಾಕ್ಯಸಹಿತ ಕಳುಹಿಸಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ.