ದರ್ಗಾಯ್ ಗುಡ್ಡ ಗೆದ್ದ ಮೇಲೆ ಬಿಟ್ಟು ಬಂದಿದ್ದು ಯಾಕೆ?

ಪ್ರಶ್ನೆ:
1897ರ ತಿರಾಹ್ ಯುದ್ಧದ ಬಗ್ಗೆ ಓದುತ್ತಿದ್ದೇನೆ (ತಿರಾಹ್ ಅಂದರೆ ಖೈಬರ್ ಕಣಿವೆಯ ದಕ್ಷಿಣದ ಬೆಟ್ಟಸೀಮೆ, ಈಗ ಪಾಕಿಸ್ತಾನದಲ್ಲಿದೆ). ಅಕ್ಟೋಬರ್ 18ರಂದು ಬ್ರಿಟಿಷ್ ಸೈನ್ಯ ದರ್ಗಾಯ್ ಗುಡ್ಡ ಹಿಡಿಯಿತು, ಸಾವುನೋವು ಜಾಸ್ತಿ ಇರಲಿಲ್ಲ. ಆಮೇಲೆ ಇಳಿದು ಬಂದುಬಿಟ್ಟರು! 20ರಂದು ಅದೇ ಗುಡ್ಡ ಮತ್ತೆ ಹತ್ತಲು ಹೋಗಿ ಸತ್ತವರು, ಗಾಯಗೊಂಡವರು ಸೇರಿ ಸುಮಾರು 200 ಜನ. ಕೈಗೆ ಸಿಕ್ಕಿದ್ದನ್ನು ಬಿಟ್ಟಿದ್ದು ಯಾಕೆ?

ಉತ್ತರ 1:
ನೀರು. ಗುಡ್ಡದ ಮೇಲೆ ನೀರಿಲ್ಲ, ಊಟ, ಮದ್ದುಗುಂಡು ಎಲ್ಲ ಕೆಳಗಿಂದ ಹೇಸರಗತ್ತೆ ಮೇಲೆ ಬರಬೇಕು, ದಾರಿಯೋ ತುಂಬ ಕಡಿದು. ಸೈನ್ಯದ ದೊಡ್ಡ ಭಾಗ ಇನ್ನೂ ಹಿಂದೆ ಇತ್ತು. ಇವರು ಇಳಿದ ಕೂಡಲೇ ಅಲ್ಲಿನ ಪಠಾಣ ಬುಡಕಟ್ಟಿನವರಾದ ಅಫ್ರಿದಿಗಳು, ಒರಕ್ಜೈಗಳು ಮೇಲೆ ಬಂದು ಕಲ್ಲು ಪೇರಿಸಿ ಅಡ್ಡಗೋಡೆ ಕಟ್ಟಿ ಕೂತರು. 20ರಂದು ಆ ಗುಡ್ಡ ಸೇರುವ ಮೊದಲು ಒಂದು ಬಯಲು ತುಂಡು ದಾಟಬೇಕಿತ್ತು, ಮರೆಗೆ ಏನೂ ಇಲ್ಲ. ಗೂರ್ಖಾಗಳು ನುಗ್ಗಿದರು, ಆಮೇಲೆ ಡಾರ್ಸೆಟ್, ಡರ್ಬಿಶೈರ್ ತುಕಡಿಗಳವರು, ಎಲ್ಲರೂ ಅಲ್ಲೇ ಸಿಕ್ಕಿಬಿದ್ದರು. ಕೊನೆಗೆ ಗಾರ್ಡನ್ ಹೈಲ್ಯಾಂಡರ್ಸ್ ಎಂಬ ಸ್ಕಾಟ್ಲೆಂಡಿನ ತುಕಡಿ ದಾಟಿತು. ಅವರ ವಾದ್ಯಗಾರ (ಪೈಪರ್) ಫಿಂಡ್ಲೇಟರ್ ಕಾಲಿಗೆ ಗುಂಡು ಬಿದ್ದ ಮೇಲೂ ಕೂತುಕೊಂಡೇ ಬ್ಯಾಗ್‌ಪೈಪ್ ಊದುತ್ತಿದ್ದ. ಅವನಿಗೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಗೂರ್ಖಾಗಳ ಹೆಸರು ಯಾರಿಗೂ ನೆನಪಿಲ್ಲ, ನನಗೆ ಅದೇ ಬೇಜಾರು.

ಉತ್ತರ 2:
ಅಲ್ಲಿ ಗುಡ್ಡ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಕಣಿವೆಯಲ್ಲಿ ಸೈನ್ಯ ಹೋಗುವಾಗ ಎರಡೂ ಕಡೆಯ ತುದಿಗಳಲ್ಲಿ ಸಣ್ಣ ಕಾವಲು ಇಡಬೇಕು. ಎಲ್ಲರೂ ದಾಟಿದ ಮೇಲೆ ಆ ಕಾವಲಿನವರು ಓಡಿ ಇಳಿಯಬೇಕು, ಅವರು ಎದ್ದ ಅರೆಗಳಿಗೆಯಲ್ಲಿ ಪಠಾಣರು ಅದೇ ತುದಿಗೆ ಬಂದು ಮೇಲಿನಿಂದ ಹೊಡೆಯುತ್ತಿದ್ದರು. ಒಬ್ಬನಿಗೆ ಗುಂಡು ಬಿದ್ದರೆ ಅವನನ್ನು ಹೊರಲು ನಾಲ್ಕು ಜನ ಬೇಕು, ಅವರಿಗೆ ಕಾವಲು ಬೇಕು, ಹಾಗೇ ಇಡೀ ತುಕಡಿಯೇ ನಿಧಾನವಾಗುತ್ತಿತ್ತು. ಗಾಯಾಳುವನ್ನು ಬಿಟ್ಟು ಬರುವ ಮಾತೇ ಇರಲಿಲ್ಲ.

ಉತ್ತರ 3:
ಆ ಕಡೆಯವರ ಮಾತೂ ಹೇಳಬೇಕಲ್ವಾ. ಖೈಬರ್ ದಾರಿ ಕಾಯಲು ಬ್ರಿಟಿಷರೇ ಅಫ್ರಿದಿಗಳಿಗೆ ಹಣ ಕೊಡುತ್ತಿದ್ದರು. 1893ರಲ್ಲಿ ಬ್ರಿಟಿಷ್ ಇಂಡಿಯಾಕ್ಕೂ ಅಫ್ಘಾನಿಸ್ತಾನಕ್ಕೂ ನಡುವೆ ಡ್ಯುರಾಂಡ್ ಗಡಿ ಎಳೆದರು, ತಿರಾಹ್‌ ಪಕ್ಕದ ಸಮಾನಾ ಬೆಟ್ಟದ ಮೇಲೆ ಕೋಟೆ ಕಟ್ಟಿದರು. ನಮ್ಮ ನೆಲ ಹೋಯಿತು ಅಂತ ಜನಕ್ಕೆ ಅನಿಸಿತು. ಅವರು ಸುಮ್ನೆ ಬಂದೂಕು ಎತ್ತಲಿಲ್ಲ. ತಿರಾಹ್‌ಗೆ ಹೋದ ಸೈನ್ಯ ಮನೆ ಸುಟ್ಟಿತು, ಕಾವಲು ಗೋಪುರ ಉರುಳಿಸಿತು, ಧಾನ್ಯ ಹಾಳು ಮಾಡಿತು. ಚಳಿಗಾಲ ಬಾಗಿಲಲ್ಲಿತ್ತು, ಆ ಮಕ್ಕಳು ಏನು ತಿಂದವೋ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ನೀರಿನ ವಿಷಯ ಹೊಳೆದೇ ಇರಲಿಲ್ಲ. ವಾಪಸ್ ಬರುವಾಗಲೂ ಹೀಗೇ ಆಯಿತಾ?

ಉತ್ತರ 2:
ಹೌದು, ಡಿಸೆಂಬರ್‌ನಲ್ಲಿ ಬಾರಾ ಕಣಿವೆಯಲ್ಲಿ. ತಣ್ಣೀರಿನ ಹೊಳೆಯನ್ನು ಮತ್ತೆ ಮತ್ತೆ ದಾಟುತ್ತಾ, ಎರಡೂ ಕಡೆಯಿಂದ ಗುಂಡು. ಹಿಂಬದಿಯ ಕಾವಲಿನವರಿಗೆ ಜಾಸ್ತಿ ಏಟು ಬಿತ್ತು.