ಹೆದ್ದಾರಿ 66ರಲ್ಲಿ ಮಾರಿಗೊಂದು ವೇಗದ ಮಿತಿ: ಓವರ್‌ಸ್ಪೀಡ್ ಚಲನ್‌ಗೆ ತಕರಾರು ಸಲ್ಲಿಸುವುದು ಹೇಗೆ?

ಮಿರ್ಜಾನ_ಕ್ರಾಸ್ ಕೇಳಿದ್ದು:

ಕಾರವಾರದಿಂದ ಭಟ್ಕಳದವರೆಗೆ ವೇಗದ ಮಿತಿ ಒಂದೇ ಹದದಲ್ಲಿಲ್ಲ. ಚತುಷ್ಪಥದಲ್ಲಿ ಒಂದು, ಊರು ಬಂದಲ್ಲಿ ಇನ್ನೊಂದು, ಬಿಣಗಾ ಕಡೆಯ ಸುರಂಗದಲ್ಲಿ ಮತ್ತೊಂದು. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಜಾಗಗಳಲ್ಲಿ ತಾತ್ಕಾಲಿಕ ಬೋರ್ಡು ಬೇರೆ. ಮನೆಯ ಕಾರಿಗೆ ‘ಮಿತಿ 60, ವೇಗ 79’ ಎಂದು ಇ-ಚಲನ್ ಬಂದಿದೆ. ಜಾಗ ಮಿರ್ಜಾನ ಹತ್ತಿರ, ಅಂಕೋಲಾದಿಂದ ಕುಮಟಾಕ್ಕೆ ಬರುವ ದಿಕ್ಕು. 60ರ ಬೋರ್ಡು ಎದುರಿನ ದಿಕ್ಕಿಗೆ ಇದೆ, ಈ ದಿಕ್ಕಿಗೆ ಕಾಣುವುದಿಲ್ಲ.

ಕಟ್ಟದೆ ತಕರಾರು ಮಾಡುವ ಸರಿಯಾದ ಕ್ರಮ ಯಾವುದು? ಯಾವ ಸಾಕ್ಷ್ಯ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ? ಕಾರು ಶಿರಸಿ ವಿಳಾಸದಲ್ಲಿ ನೋಂದಣಿ ಆಗಿದೆ, ಕೋರ್ಟು ಎಲ್ಲಿ ಬರುತ್ತದೆ? ಇನ್ನೊಂದು, ಇಂಗ್ಲೆಂಡಿನಲ್ಲಿರುವ ಅಕ್ಕನ ಮಗನಿಗೂ ಅಂಕೆ ಬದಲಾಗುವ ಡಿಜಿಟಲ್ ಬೋರ್ಡಿನ ಮೋಟಾರ್‌ವೇಯಲ್ಲಿ ನೋಟಿಸ್ ಬಂದಿದೆ. ಅಲ್ಲಿಯ ಕ್ರಮ ಗೊತ್ತಿದ್ದವರು ಅದನ್ನೂ ತಿಳಿಸಿ.

ಕಾಳಿ_ದಂಡೆ:

ಮೊದಲನೇ ಮಾತು, ತಕರಾರು ಮಾಡುವ ಮನಸ್ಸಿದ್ದರೆ ದುಡ್ಡು ಕಟ್ಟಬೇಡಿ. ಕಟ್ಟಿದರೆ ಮೋಟಾರು ವಾಹನ ಕಾಯ್ದೆಯ 200ನೇ ಕಲಮಿನಂತೆ ರಾಜಿ ಆದ ಹಾಗೆ, ಪ್ರಕರಣ ಅಲ್ಲಿಗೇ ಮುಗಿಯಿತು. ಈಗ ಕಟ್ಟಿಬಿಡುವಾ, ಆಮೇಲೆ ವಾಪಸು ಕೇಳುವಾ ಅಂದರೆ ನಡೆಯುವುದಿಲ್ಲ. 2023ರಲ್ಲೂ 2025ರಲ್ಲೂ ರಾಜ್ಯದಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಬಂದಿತ್ತು. ಹಾಗೆ ಕಟ್ಟಿದರೂ ಕಟ್ಟಿದ್ದೇ. ಲೋಕ ಅದಾಲತ್ ಕೂಡ ರಾಜಿಯ ಜಾಗ, ಬೋರ್ಡು ಇತ್ತೋ ಇಲ್ಲವೋ ಎಂದು ಅಲ್ಲಿ ಯಾರೂ ವಿಚಾರಣೆ ಮಾಡುವುದಿಲ್ಲ.

ಚಲನ್ ನಿಜವೋ ಎಂದು ನೋಡಿಕೊಳ್ಳಿ. ವಾಟ್ಸಾಪಿನಲ್ಲಿ ‘ಆರ್‌ಟಿಒ ಚಲನ್’ ಎಂದು ಬರುವ ಎಪಿಕೆ (ಮೊಬೈಲಿಗೆ ಆ್ಯಪ್ ಹಾಕುವ) ಫೈಲು ಮೋಸ, ಮುಟ್ಟಲೇಬೇಡಿ. ಸರ್ಕಾರದ ‘ಪರಿವಾಹನ’ದ ಇ-ಚಲನ್ ತಾಣವನ್ನು ನೀವೇ ಟೈಪ್ ಮಾಡಿ ತೆರೆಯಿರಿ, ವಿಳಾಸ ‘ಗವ್ ಡಾಟ್ ಇನ್’ ಎಂದೇ ಮುಗಿಯಬೇಕು. ಗಾಡಿ ನಂಬರ್ ಜೊತೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಅಂಕೆಗಳನ್ನು ಕೊಟ್ಟರೆ ಚಲನ್ ಮತ್ತು ಫೋಟೋ ಸಿಗುತ್ತವೆ. ಎರಡನ್ನೂ ಆವತ್ತೇ ಇಳಿಸಿಟ್ಟುಕೊಳ್ಳಿ.

ಫೋಟೋವನ್ನು ದೊಡ್ಡದು ಮಾಡಿ ನೋಡಿ. ನಂಬರ್ ಪ್ಲೇಟು ಓದುವ ಯಂತ್ರ 3ನ್ನು 8 ಎಂದೂ, ಬಿ ಅಕ್ಷರವನ್ನು 8 ಎಂದೂ, ಸೊನ್ನೆಯನ್ನು ಡಿ ಎಂದೂ ಓದುವುದುಂಟು. ಕೆಎ-31 ಎಂಬುದು ಕೆಎ-37 ಆದರೆ ಶಿರಸಿಯ ಗಾಡಿಯ ಚಲನ್ ಎಲ್ಲಿಗೋ ಹೋಗುತ್ತದೆ. ಗಾಡಿಯ ಬಣ್ಣ, ಮಾಡೆಲ್ ತಾಳೆಯಾಗದಿದ್ದರೆ ನಕಲಿ ಪ್ಲೇಟಿನ ಅನುಮಾನ. ಇಂಥ ಸಂದರ್ಭಕ್ಕೆ ಫಾಸ್ಟ್ಯಾಗ್ ಸ್ಟೇಟ್‌ಮೆಂಟು ಒಳ್ಳೆಯ ದಾಖಲೆ. ಹಟ್ಟಿಕೇರಿ, ಹೊಳೆಗದ್ದೆ ಟೋಲುಗಳ ಸಮಯ ಚಲನ್ನಿನ ಸಮಯಕ್ಕೆ ಹೊಂದುತ್ತದೆಯೇ ನೋಡಿ. ಗಾಡಿ ಆ ಹೊತ್ತಿಗೆ ಬೇರೆಲ್ಲೋ ಇತ್ತು ಎನ್ನಲು ಆ ಹಾಳೆ ಒಳ್ಳೆಯ ಆಧಾರ.

ಸ್ಥಳದ ಹೆಸರನ್ನೂ ಗಮನಿಸಿ. ಇದೇ ಹೆದ್ದಾರಿಯಲ್ಲಿ ಎರಡು ಶಿರೂರು ಇವೆ: 2024ರ ಜುಲೈ 16ರಂದು ಗುಡ್ಡ ಕುಸಿದ ಅಂಕೋಲಾದ ಶಿರೂರು, ಮತ್ತೆ ಭಟ್ಕಳ ದಾಟಿದ ಮೇಲೆ ಬೈಂದೂರು ಕಡೆಯ ಟೋಲಿರುವ ಶಿರೂರು. ಬರೇ ‘ಶಿರೂರು, ಹೆದ್ದಾರಿ 66’ ಎಂದು ಬರೆದ ಚಲನ್‌ಗೆ ಕಿಲೋಮೀಟರ್ ಕಲ್ಲಿನ ಸಂಖ್ಯೆಯೋ ಅಕ್ಷಾಂಶ-ರೇಖಾಂಶವೋ ಕೊಡಿ ಎಂದು ಕೇಳಲೇಬೇಕು. ಜಾಗ ಗೊತ್ತಾಗದೆ ಅಲ್ಲಿಯ ಮಿತಿ ಎಷ್ಟು ಎಂದು ಹೇಳುವುದು ಹೇಗೆ?

ಅಘನಾಶಿನಿ_66:

ಕಾಳಿ_ದಂಡೆ ಹೇಳಿದ್ದು ಸರಿ. ಬೋರ್ಡಿನ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಹೆಚ್ಚಿನವರು ಸೋಲುವುದು ಇಲ್ಲೇ.

112ನೇ ಕಲಮಿನ ಪ್ರಕಾರ ಯಾವುದೋ ರಸ್ತೆಗೆ ಪ್ರತ್ಯೇಕ ಮಿತಿ ಹಾಕಿದರೆ ಅದನ್ನು ರಾಜ್ಯಪತ್ರದಲ್ಲಿ ಅಧಿಸೂಚಿಸಬೇಕು, 116ನೇ ಕಲಮಿನಡಿ ತಕ್ಕ ಜಾಗದಲ್ಲಿ ಸಂಕೇತ ಫಲಕವನ್ನೂ ನಿಲ್ಲಿಸಬೇಕು. ಒಂದು ತಿಂಗಳಿಗಿಂತ ಹೆಚ್ಚು ಇರದ ತಾತ್ಕಾಲಿಕ ಮಿತಿಗೆ ರಾಜ್ಯಪತ್ರದ ಅಗತ್ಯವಿಲ್ಲ. ನಮ್ಮ ಕರಾವಳಿಗೆ ಇದು ಬಹಳ ಮುಖ್ಯ. ಜೂನ್‌ನಲ್ಲಿ ಗುಡ್ಡದ ಬುಡಕ್ಕೆ ಇಟ್ಟ 40ರ ಬೋರ್ಡು ದೀಪಾವಳಿಯ ಹೊತ್ತಿಗೂ ಅಲ್ಲೇ ನಿಂತಿದ್ದರೆ, ಅದರ ಹಿಂದೆ ಈಗ ಯಾವ ಆದೇಶ ಇದೆ ಎಂದು ಕೇಳುವ ಹಕ್ಕು ನಿಮಗಿದೆ.

ಈಗ ನಿಮ್ಮ ಚಲನ್. ‘ಬೋರ್ಡು ಇರಲಿಲ್ಲ’ ಎಂದ ಮಾತ್ರಕ್ಕೆ ಬಚಾವಾದಿರಿ ಅಂದುಕೊಳ್ಳಬೇಡಿ ಮಾರಾಯ್ರೆ. ಬೋರ್ಡು ಬಿದ್ದುಹೋದರೂ ವಾಹನದ ವರ್ಗಕ್ಕೆ ಇರುವ ಸಾಮಾನ್ಯ ಮಿತಿ ಉಳಿದೇ ಇರುತ್ತದೆ. 2018ರ ಏಪ್ರಿಲ್ 6ರ ಕೇಂದ್ರ ಅಧಿಸೂಚನೆಯಲ್ಲಿ ಕಾರಿಗೆ ಮಧ್ಯೆ ವಿಭಜಕ ಇರುವ ಚತುಷ್ಪಥದಲ್ಲಿ ಗಂಟೆಗೆ 100 ಕಿ.ಮೀ., ಪುರಸಭೆ ವ್ಯಾಪ್ತಿಯಲ್ಲಿ 70, ಇತರ ರಸ್ತೆಯಲ್ಲೂ 70. ಬೈಕಿಗೆ ಚತುಷ್ಪಥದಲ್ಲಿ 80, ಉಳಿದೆಡೆ 60. ಸರಕು ವಾಹನಕ್ಕೂ ಹಾಗೇ. ಅಂದರೆ ನಿಮ್ಮ 79 ವಿಭಜಕ ಇರುವ ಚತುಷ್ಪಥದಲ್ಲಿ ಆಗಿದ್ದರೆ ಬೋರ್ಡಿನ ವಾದ ಗೆದ್ದೊಡನೆ ಚಲನ್ ಬೀಳುತ್ತದೆ. ಕಾಮಗಾರಿ ಮುಗಿಯದೆ ಎರಡೂ ದಿಕ್ಕಿನ ಗಾಡಿ ಒಂದೇ ಕಡೆ ಓಡುವ ಭಾಗದಲ್ಲಿ ಆಗಿದ್ದರೆ, 60 ಬಿದ್ದರೂ 70 ನಿಲ್ಲುತ್ತದೆ, 79 ತಪ್ಪೇ ಆಗುತ್ತದೆ. ಆದ್ದರಿಂದ ಫೋಟೋದಲ್ಲಿ ವಿಭಜಕ ಕಾಣುತ್ತದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಿ.

ಬೋರ್ಡಿನ ಸಾಕ್ಷ್ಯ ಬೇಗ ಹಾಳಾಗುತ್ತದೆ. ಗಿಡ ಕಡಿಯುತ್ತಾರೆ, ಹೊಸ ಬೋರ್ಡು ಬರುತ್ತದೆ. ಎರಡು-ಮೂರು ದಿನದೊಳಗೆ ಅದೇ ದಿಕ್ಕಿನಲ್ಲಿ, ಆದಷ್ಟು ಅದೇ ಹೊತ್ತಿಗೆ ಹೋಗಿ, ಪಕ್ಕದಲ್ಲಿ ಕುಳಿತವರಿಂದ ಎಲ್ಲೂ ನಿಲ್ಲಿಸದೆ ವಿಡಿಯೋ ಮಾಡಿಸಿ. ಕ್ಯಾಮೆರಾ ಜಾಗಕ್ಕೆ ಎರಡು ಕಿಲೋಮೀಟರ್ ಮೊದಲೇ ಶುರು ಮಾಡಿ, ಅದನ್ನು ದಾಟಿ ಅರ್ಧ ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ. ಮಧ್ಯೆ ಸೇರುವ ಅಡ್ಡರಸ್ತೆಗಳೂ ವಿಡಿಯೋದಲ್ಲಿ ಬರಲಿ. ಬೋರ್ಡು ದಾಟಿದ ಮೇಲೆ ಹೆದ್ದಾರಿಗೆ ಸೇರಿದವನಿಗೆ ಆ ಬೋರ್ಡು ಕಾಣಲು ಸಾಧ್ಯವಿಲ್ಲ. ಬಿಡಿ ಫೋಟೋಗಳಿಂದ ‘ಇರಲಿಲ್ಲ’ ಎಂಬುದು ರುಜುವಾತಾಗುವುದಿಲ್ಲ.

ಇದರ ಜೊತೆ ಮಾಹಿತಿ ಹಕ್ಕಿನ ಎರಡು ಅರ್ಜಿ, ಒಂದೊಂದಕ್ಕೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಹೆದ್ದಾರಿ ಪ್ರಾಧಿಕಾರಕ್ಕೆ: ಈ ಕಿಲೋಮೀಟರಿನಿಂದ ಈ ಕಿಲೋಮೀಟರಿನವರೆಗೆ ಎಡಬದಿ, ಬಲಬದಿಯ ವೇಗ ಮಿತಿ ಫಲಕಗಳ ಪಟ್ಟಿ. ಪೊಲೀಸ್ ಇಲಾಖೆಗೆ: 60ರ ಮಿತಿಯ ಆದೇಶದ ಪ್ರತಿ, ವೇಗ ಅಳೆದ ಸಾಧನದ ಪ್ರಮಾಣಪತ್ರ. ರಾಜ್ಯ ಇಲಾಖೆಗೆ ಬರೆಯುವಾಗ ಕರ್ನಾಟಕದ ನಿಯಮ ನೆನಪಿರಲಿ, ಒಂದೇ ವಿಷಯ, 150 ಪದದೊಳಗೆ. ಉದ್ದ ಬರೆದರೆ ಆ ಕಾರಣಕ್ಕೇ ಅರ್ಜಿ ತಿರುಗಿ ಬರುತ್ತದೆ. ಉತ್ತರ ಬರುವ ತನಕ ತಕರಾರು ತಡೆಹಿಡಿಯಬೇಡಿ, ಚಲನ್ನಿನಲ್ಲಿ ಕೊಟ್ಟ ಗಡುವಿನೊಳಗೇ ಸಲ್ಲಿಸಿ, ಉತ್ತರವನ್ನು ಆಮೇಲೆ ಸೇರಿಸಿ.

ಲೇಸರ್_ಗನ್:

ಸಾಧನದ ಬಗ್ಗೆ ನಾಲ್ಕು ಮಾತು. ಕೇಂದ್ರ ಮೋಟಾರು ವಾಹನ ನಿಯಮ 167ಎ 2021ರ ಆಗಸ್ಟ್‌ನಲ್ಲಿ ಬಂತು. ಕಂಬದ ಕ್ಯಾಮೆರಾಕ್ಕೂ, ಕೈಯಲ್ಲಿ ಹಿಡಿಯುವ ಸ್ಪೀಡ್ ಗನ್ನಿಗೂ ಅದೇ ನಿಯಮ. ಸಾಧನ ಸರಿಯಾಗಿದೆ ಎಂಬ ಪ್ರಮಾಣಪತ್ರ ಬೇಕು, ಪ್ರತಿ ವರ್ಷ ಅದರ ನವೀಕರಣ ಆಗಬೇಕು. ‘ಇಲ್ಲಿ ಕ್ಯಾಮೆರಾ ನಿಗಾ ಇದೆ’ ಎಂಬ ಎಚ್ಚರಿಕೆ ಫಲಕ ಮುಂಚೆಯೇ ಕಾಣಬೇಕು. ಘಟನೆಯಿಂದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಚಲನ್ನಿನಲ್ಲಿ ಪ್ಲೇಟು ಸ್ಪಷ್ಟವಾಗಿ ಕಾಣುವ ಫೋಟೋ, ಸಾಧನದ ಅಳತೆ, ದಿನ, ಸಮಯ, ಜಾಗ, ಉಲ್ಲಂಘಿಸಿದ ಕಲಮು, ಜೊತೆಗೆ ವಿದ್ಯುನ್ಮಾನ ಸಾಕ್ಷ್ಯದ ಪ್ರಮಾಣಪತ್ರ ಇರಬೇಕು. ಈ ಕೊನೆಯದು ಮೊದಲು ಸಾಕ್ಷ್ಯ ಕಾಯ್ದೆಯ 65ಬಿ(4); 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63(4).

ಮೋಟಾರು ವಾಹನ ಕಾಯ್ದೆಯ 183(3)ನೇ ಕಲಮನ್ನೂ ಓದಿಕೊಳ್ಳಿ. ಯಂತ್ರದ ಅಳತೆ ಇಲ್ಲದೆ, ‘ಜೋರಾಗಿ ಬರುತ್ತಿದ್ದ ಅನ್ನಿಸಿತು’ ಎಂಬ ಒಬ್ಬನೇ ಸಾಕ್ಷಿಯ ಅಭಿಪ್ರಾಯದ ಮೇಲೆ ಶಿಕ್ಷೆ ಕೊಡುವಂತಿಲ್ಲ.

ಸೋಲುವ ವಾದಗಳನ್ನೂ ಹೇಳಿಬಿಡುತ್ತೇನೆ. ‘ಓರೆಯಾಗಿ ಹಿಡಿದಿದ್ದರು, ಹಾಗಾಗಿ ಜಾಸ್ತಿ ತೋರಿಸಿತು’ ಅನ್ನುವುದು ತಿರುವುಮುರುವು. ಓರೆ ಹೆಚ್ಚಾದಷ್ಟೂ ಯಂತ್ರ ನಿಜ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಲಾಭ ಚಾಲಕನಿಗೆ. ‘ನನ್ನ ಸ್ಪೀಡೋಮೀಟರ್ 60 ತೋರಿಸುತ್ತಿತ್ತು’ ಎಂಬುದಕ್ಕೂ ಬಲವಿಲ್ಲ. ಸ್ಪೀಡೋಮೀಟರನ್ನು ನಿಜಕ್ಕಿಂತ ತುಸು ಹೆಚ್ಚು ತೋರಿಸುವಂತೆ ಮಾಡಿರುತ್ತಾರೆ, ಆದರೆ ಆ ಹೊತ್ತಿಗೆ ಅದು ಎಷ್ಟು ತೋರಿಸಿತು ಎಂಬುದಕ್ಕೆ ದಾಖಲೆ ಎಲ್ಲಿ? ಮೊಬೈಲಿನ ಟೈಮ್‌ಲೈನ್ ಬಿಂದುಗಳು ದೂರದೂರ ಇರುತ್ತವೆ, ಆ ಕ್ಷಣದ ವೇಗವನ್ನು ಹೇಳುವುದಿಲ್ಲ. ಜಿಪಿಎಸ್ ಇರುವ ಡ್ಯಾಶ್‌ಕ್ಯಾಮ್ ಒಳ್ಳೆಯ ಸಾಕ್ಷ್ಯ, ಆದರೆ ಬಿಣಗಾ ಸುರಂಗದೊಳಗೆ ಉಪಗ್ರಹದ ಸಂಕೇತ ಸಿಗುವುದಿಲ್ಲ. ಅಲ್ಲಿಯದೂ, ಹೊರಬಿದ್ದ ಮೊದಲ ಕೆಲ ಸೆಕೆಂಡಿನದೂ ನೆಚ್ಚಬೇಡಿ. ಡ್ಯಾಶ್‌ಕ್ಯಾಮ್ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ, ನೋಟಿಸ್ ಬಂದ ದಿನವೇ ಕಾರ್ಡು ಹೊರಗೆ ತೆಗೆದಿಡಿ.

ಗೆಲ್ಲುವ ವಾದ ‘ಅಳೆದದ್ದು ಯಾವ ಗಾಡಿಯನ್ನು’ ಎಂಬುದು. ಲೇಸರ್ ಗನ್ನಿನ ಕಿರಣ ಸುಮಾರು 3 ಮಿಲಿರೇಡಿಯನ್ ಅಗಲ, ಅಂದರೆ 100 ಮೀಟರಿಗೆ 30 ಸೆಂ.ಮೀ., 300 ಮೀಟರಿಗೆ 90 ಸೆಂ.ಮೀ. ರಾಡಾರಿನದು ಹಲವು ಡಿಗ್ರಿ ಅಗಲ, ದೂರ ಹೋದಂತೆ ಎರಡೂ ಪಥಗಳನ್ನು ತುಂಬಿಬಿಡುತ್ತದೆ. ರಾಡಾರ್ ಫೋಟೋದಲ್ಲಿ ಎರಡು ಗಾಡಿ ಅಕ್ಕಪಕ್ಕ ಇದ್ದರೆ ಪ್ರಶ್ನೆ ಎತ್ತಲೇಬೇಕು. ರಾಡಾರ್ ಸಾಧನಗಳಿಗೆ 2025ರ ಜುಲೈ 1ರಿಂದ ಕಾನೂನು ಮಾಪನಶಾಸ್ತ್ರ ನಿಯಮದಡಿ ಪರಿಶೀಲನೆ, ಮುದ್ರೆಯೂ ಬಂದಿದೆ. ಅದರ ಪ್ರತಿಯನ್ನೂ ಕೇಳಿ.

ಥೇಮ್ಸ್_ಹವ್ಯಕ:

ಅಕ್ಕನ ಮಗನಿಗೆ ಹೇಳಿ, ಇಂಗ್ಲೆಂಡಿನಲ್ಲಿ ಸುಮ್ಮನಿರುವುದೇ ದೊಡ್ಡ ತಪ್ಪು. ನೋಟಿಸ್ ಜೊತೆ ‘ಚಾಲಕ ಯಾರು’ ಎಂದು ಕೇಳುವ, ಅಲ್ಲಿಯ ರಸ್ತೆ ಸಂಚಾರ ಕಾಯ್ದೆಯ 172ನೇ ಕಲಮಿನ ಫಾರಂ ಇರುತ್ತದೆ. ತಕರಾರು ಇದ್ದರೂ ಅದನ್ನು 28 ದಿನದೊಳಗೆ ತುಂಬಿ ಕಳಿಸಲೇಬೇಕು. ಇಲ್ಲದಿದ್ದರೆ ಸಾಮಾನ್ಯ ವೇಗದ ಪ್ರಕರಣಕ್ಕಿಂತ ಭಾರಿಯಾದ 6 ದಂಡದ ಅಂಕ ಲೈಸೆನ್ಸಿಗೆ ಬೀಳುತ್ತವೆ. ಚಾಲಕ ಯಾರು ಎಂದು ತಿಳಿಸಿದರೆ ತಪ್ಪೊಪ್ಪಿಕೊಂಡ ಹಾಗಾಗುವುದಿಲ್ಲ. ಮೊದಲ ನೋಟಿಸ್ 14 ದಿನದೊಳಗೆ ನೋಂದಾಯಿತ ಮಾಲಕನಿಗೆ ತಲುಪಬೇಕು. ಬಾಡಿಗೆ ಕಾರಾದರೆ ಆ 14 ದಿನದ ಲೆಕ್ಕ ಬಾಡಿಗೆ ಕಂಪನಿಗೆ, ಅವನಿಗಲ್ಲ.

ಅಲ್ಲಿ ಕೆಂಪು ವೃತ್ತದೊಳಗೆ ಬೆಳಗುವ ಅಂಕೆ ಕಡ್ಡಾಯ ಮಿತಿ, ವೃತ್ತವಿಲ್ಲದ್ದು ಸಲಹೆ. ಅಂಕೆ ಇಳಿದ ಕೂಡಲೇ ಕ್ಯಾಮೆರಾ ಹಿಡಿಯಬಾರದು, ಚಾಲಕನಿಗೆ ನಿಧಾನಿಸಲು ಕೆಲವು ಸೆಕೆಂಡು ಬಿಡಬೇಕು. ಅದೇ ಕಡೆ ಎಡವಟ್ಟು ಆಗಿತ್ತು. ಬೋರ್ಡು ಮತ್ತು ಕ್ಯಾಮೆರಾಗಳ ಸಮಯ ಹೊಂದದೆ 2021ರಿಂದ ಸುಮಾರು 2,650 ಸಲ ಕ್ಯಾಮೆರಾ ತಪ್ಪಾಗಿ ಕೆಲಸ ಮಾಡಿದೆ ಎಂದು 2025ರ ಡಿಸೆಂಬರಿನಲ್ಲಿ ಬಹಿರಂಗವಾಯಿತು. ಹಾಗಾಗಿ ಅವನು ಕೇಳಬೇಕಾದದ್ದು ಎರಡು: ಆ ಗ್ಯಾಂಟ್ರಿಯಲ್ಲಿ (ರಸ್ತೆಗೆ ಅಡ್ಡಲಾಗಿ ಬೋರ್ಡು ಹೊತ್ತ ಚೌಕಟ್ಟು) ಅಂಕೆ ಬದಲಾದ ಸಮಯ ಸೆಕೆಂಡ್ ಸಮೇತ, ಮತ್ತು ಕ್ಯಾಮೆರಾ ಹಿಡಿದ ಸಮಯ ಸೆಕೆಂಡ್ ಸಮೇತ. ಹಿಂದಿನ ಗ್ಯಾಂಟ್ರಿಯಲ್ಲಿ ಮಿತಿ ಹೆಚ್ಚಿತ್ತು ಎಂಬ ಒಂದೇ ವಾದ ಅಲ್ಲಿ ನಿಲ್ಲುವುದಿಲ್ಲ.

ಮಿರ್ಜಾನ_ಕ್ರಾಸ್:

ಎಲ್ಲರಿಗೂ ಉಪಕಾರ ಆಯ್ತು. ಹೇಳಿದ ಹಾಗೆ ವಿಡಿಯೋ ಮಾಡಿಸಿದೆ. ಫೋಟೋ ದೊಡ್ಡದು ಮಾಡಿ ನೋಡಿದೆ: ವಿಭಜಕ ಕಾಣುತ್ತದೆ, ಬಲಬದಿಯ ಪಥದಲ್ಲಿ ಒಂದು ಟೆಂಪೋ ಹಿಂದಿಕ್ಕುತ್ತಿದೆ. ಚಲನ್ ಬಂದದ್ದು 19ನೇ ದಿನಕ್ಕೆ. ತಕರಾರಿನಲ್ಲಿ ಎಷ್ಟು ಬರೆಯಬೇಕು?

ಅಘನಾಶಿನಿ_66:

ಕಡಿಮೆ ಬರೆಯಿರಿ. ಇ-ಚಲನ್ ತಾಣದ ದೂರು ವಿಭಾಗದಲ್ಲಿ ಚಲನ್ ಸಂಖ್ಯೆ ಹಾಕಿ, ಹೀಗೆ ಬರೆದರೆ ಅಡ್ಡಿಲ್ಲ:

‘ಸದರಿ ಸ್ಥಳವು ವಿಭಜಕವಿರುವ ಚತುಷ್ಪಥ ರಸ್ತೆಯಾಗಿದ್ದು, ಅಂಕೋಲಾ–ಕುಮಟಾ ದಿಕ್ಕಿನಲ್ಲಿ 60ರ ಫಲಕ ಇರುವುದಿಲ್ಲ, ವಿಡಿಯೋ ಲಗತ್ತಿಸಿದೆ. ಫೋಟೋದಲ್ಲಿ ಎರಡು ವಾಹನಗಳಿದ್ದು, ಅಳತೆ ಯಾವುದರದ್ದೆಂದು ಸ್ಪಷ್ಟವಿಲ್ಲ. ನೋಟಿಸ್ ಕಳಿಸಿದ ದಿನಾಂಕ, ಮಿತಿಯ ಆದೇಶ, ಸಾಧನದ ಚಾಲ್ತಿ ಪ್ರಮಾಣಪತ್ರ, ಮೂಲ ವಿಡಿಯೋ ಒದಗಿಸಲು ಹಾಗೂ ಪ್ರಕರಣ ಮುಗಿಯುವವರೆಗೆ ದಾಖಲೆ ಕಾಯ್ದಿಡಲು ಕೋರಿದೆ.’

‘ಆಸ್ಪತ್ರೆಗೆ ಹೋಗುತ್ತಿದ್ದೆವು, ಸ್ವಲ್ಪವೇ ಹೆಚ್ಚಾಯಿತು’ ಎಂದು ಸೇರಿಸಬೇಡಿ. ಅದು ಒಪ್ಪಿಗೆಯಾಗುತ್ತದೆ, ಮುಂದೆ ಕೋರ್ಟಿನಲ್ಲಿ ನಿಮ್ಮ ಎದುರಿಗೇ ಬರುತ್ತದೆ. 15 ದಿನದ ಲೆಕ್ಕ ಕಳಿಸಿದ ದಿನಕ್ಕೆ, ನಿಮ್ಮ ಕೈಗೆ ಮುಟ್ಟಿದ ದಿನಕ್ಕಲ್ಲ. ಎಸ್ಸೆಮ್ಮೆಸ್ ಬಂದ ದಿನವನ್ನೂ ಅಂಚೆ ಮುದ್ರೆಯನ್ನೂ ನೋಡಿಕೊಂಡು ಆಮೇಲೆ ಆ ಅಂಶ ಎತ್ತಿ.

ದೂರು ತಳ್ಳಿಹಾಕಿದರೆ ಮುಂದೇನು ಎಂಬ ನಿಯಮ ಬದಲಾಗುತ್ತಿರುತ್ತದೆ, ಆ ಹೊತ್ತಿನ ನಿಯಮ ನೋಡಿಕೊಳ್ಳಿ. ಪ್ರಕರಣ ವರ್ಚುವಲ್ (ಆನ್‌ಲೈನ್) ಕೋರ್ಟಿಗೆ ಹೋದರೆ ಎಸ್ಸೆಮ್ಮೆಸ್ ಬರುತ್ತದೆ. ಅಲ್ಲಿ ದಂಡ ಕಟ್ಟುವ ಬಟನ್ನಿನ ಪಕ್ಕದಲ್ಲೇ ‘ಪ್ರಕರಣ ಎದುರಿಸುತ್ತೇನೆ’ ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಘಟನೆ ನಡೆದ ಜಾಗದ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ವರ್ಗ. ಮಿರ್ಜಾನ ಕುಮಟಾ ತಾಲೂಕು, ಆದ್ದರಿಂದ ಕುಮಟಾ. ಗಾಡಿ ಶಿರಸಿಯದು ಎಂಬುದು ಲೆಕ್ಕಕ್ಕಿಲ್ಲ. ವಕೀಲರು ಕಡ್ಡಾಯವಲ್ಲ, ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಸಲಹೆ ಕೇಳಬಹುದು. ಕಾರಿಗೆ ಕಾಯ್ದೆಯಲ್ಲಿರುವ ದಂಡ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000. ದೇವಿಮನೆ ಘಟ್ಟ ಇಳಿದು ಎರಡು-ಮೂರು ಸಲ ಕುಮಟಾಕ್ಕೆ ಬರುವ ಖರ್ಚು, ಕೆಲಸದ ದಿನ ಲೆಕ್ಕ ಹಾಕಿ. ನಿಮ್ಮ ಪ್ರಕರಣದಲ್ಲಿ ವಿಭಜಕ, ಟೆಂಪೋ, ವಿಡಿಯೋ ಮೂರೂ ಇವೆ, ನನ್ನ ಮಟ್ಟಿಗೆ ಹೋರಾಡಲು ಯೋಗ್ಯ. ಬರೇ 15 ದಿನದ ವಾದವೊಂದೇ ಇದ್ದಿದ್ದರೆ ಹೋಗಿ ಎನ್ನುತ್ತಿರಲಿಲ್ಲ.

ಕಾಳಿ_ದಂಡೆ:

ಆ ವಿಡಿಯೋ ತೆಗೆದ ಮೊಬೈಲನ್ನು ಮಾರಬೇಡಿ, ರಿಸೆಟ್ಟೂ ಮಾಡಬೇಡಿ. 63(4)ರ ಪ್ರಮಾಣಪತ್ರ ಪೊಲೀಸರಿಗೆ ಮಾತ್ರವಲ್ಲ, ವಿಡಿಯೋ ಹಾಜರುಪಡಿಸುವ ನಿಮಗೂ ಬೇಕು. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚಿನಂಥ ಸಂಕೇತ) ಬರೆಯುವ ಜಾಗ ಇದೆ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿ ಕುಗ್ಗಿ ಬೇರೆಯೇ ಫೈಲಾಗುತ್ತದೆ, ಹ್ಯಾಶ್ ತಾಳೆಯಾಗುವುದಿಲ್ಲ. ಮೂಲ ಫೈಲನ್ನು ಕೇಬಲ್ ಹಾಕಿ ಪೆನ್‌ಡ್ರೈವಿಗೆ ಇಳಿಸಿ.