ಪದಚರ್ಚೆ: ‘ಸ್ಕ್ಯಾಫೋಲ್ಡಿಂಗ್’ಗೆ ಏನೆನ್ನೋಣ?

ವಿರಾಜಪೇಟೆಯಿಂದ:
ಶಿಕ್ಷಕರ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಅಚ್ಚಿಗೆ ಹೋಗಬೇಕು. ಇಂಗ್ಲಿಷ್ ಮನೆಮಾತಲ್ಲದ ಮಕ್ಕಳನ್ನು ಬೇರೆ ಕೋಣೆಗೆ ಕಳುಹಿಸದೆ, ಎಲ್ಲರ ಜೊತೆಯಲ್ಲೇ ಕೂರಿಸಿ ವಿಜ್ಞಾನ, ಗಣಿತ ಕಲಿಸುವ ಬಗೆ ಅದರ ವಿಷಯ. ನಮ್ಮಲ್ಲಂತೂ ಒಂದೇ ಬೆಂಚಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ನುಡಿ ಎಲ್ಲ ಕೂತಿರುತ್ತವೆ. ಚಿತ್ರ ತೋರಿಸುವುದು, ಅರ್ಧ ವಾಕ್ಯ ಕೊಟ್ಟು ಉಳಿದದ್ದನ್ನು ತುಂಬಿಸುವುದು, ಮೊದಲು ಮನೆಮಾತಿನಲ್ಲೇ ಪಕ್ಕದವರೊಡನೆ ಚರ್ಚಿಸಲು ಬಿಡುವುದು, ಆಮೇಲೆ ಇವನ್ನು ಒಂದೊಂದಾಗಿ ತೆಗೆಯುತ್ತ ಹೋಗುವುದು: ಇಷ್ಟಕ್ಕೂ ಸೇರಿ ಮೂಲದಲ್ಲಿ ‘ಸ್ಕ್ಯಾಫೋಲ್ಡಿಂಗ್’ ಎಂದಿದೆ. ನಾನು ‘ಆಸರೆ’ ಎಂದು ಬರೆದಿದ್ದೇನೆ. ಸರಿಯೇ?

ಮೈಸೂರಿನಿಂದ:
ಸರಿಯಲ್ಲ. ಸಾರುವೆ. ಗೋಡೆ ಏಳುವಾಗ ಗಾರೆಯವರು ನಿಲ್ಲಲು ಕಟ್ಟಿಕೊಳ್ಳುವ ಮರದ ಕಟ್ಟಿಗೆ ಕನ್ನಡದಲ್ಲಿ ಇರುವ ಹೆಸರು ಅದು. ತಮಿಳಿನವರು ಸಾರಂ ಎನ್ನುತ್ತಾರೆ. ‘ಆಸರೆ’ ಆಶ್ರಯದ ತದ್ಭವ. ಮನೆಯಲ್ಲಿ ಇರುವುದಕ್ಕೆ ನೆರೆಮನೆಗೆ ಏಕೆ ಹೋಗಬೇಕು?

ಸೋಮವಾರಪೇಟೆಯಿಂದ:
ತದ್ಭವವೂ ಆಗದೆಂದರೆ ಶಾಲೆ, ಪಾಠ, ಪುಸ್ತಕ ಮೂರನ್ನೂ ಹೊರಗೆ ಹಾಕಿ ಬನ್ನಿ, ಮಾತಾಡೋಣ. ‘ಸಾರುವೆ’ ಎಂದರೆ ನಮ್ಮ ಮೇಷ್ಟರುಗಳು ಇನ್ನೊಂದು ಸರ್ವೆ ಬಂತೆಂದು ಬೆಚ್ಚಿಬೀಳುತ್ತಾರೆ. ಮೆಣಸಿನ ಬಳ್ಳಿಗೆ ಸಿಲ್ವರ್ ಓಕ್ ಇದ್ದಂತೆ ಮಗುವಿಗೆ ಆಸರೆ. ತೋಟದ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೈಸೂರಿನಿಂದ:
ನಿಮ್ಮ ಹೋಲಿಕೆಯೇ ನಿಮ್ಮ ಪದವನ್ನು ಕೆಡವಿತು. ಓಕ್ ಕಡಿದರೆ ಬಳ್ಳಿ ನೆಲಕ್ಕೆ. ಗೋಡೆ ನಿಂತ ಮೇಲೂ ಸಾರುವೆ ಬಿಚ್ಚದಿದ್ದರೆ ಮೇಸ್ತ್ರಿಗೆ ಬೈಗುಳ. 1976ರಲ್ಲಿ ಮನೋವಿಜ್ಞಾನಿಗಳಾದ ವುಡ್, ಬ್ರೂನರ್, ರಾಸ್ ಈ ಮಾತನ್ನು ಕಲಿಕೆಗೆ ತಂದಾಗ ಅವರ ಮುಂದಿದ್ದದ್ದು ಭಾಷಾಪಾಠವೂ ಅಲ್ಲ. 3ರಿಂದ 5 ವರ್ಷದ ಮಕ್ಕಳು ಮರದ ತುಂಡು ಜೋಡಿಸಿ ಪಿರಮಿಡ್ ಕಟ್ಟುವ ಕೆಲಸ. ಕಟ್ಟುವ ಕೆಲಸಕ್ಕೆ ಕಟ್ಟುವವರ ಪದ.

ಪುತ್ತೂರಿನಿಂದ:
ಸ್ಕ್ಯಾಫೋಲ್ಡಿಂಗ್ ಎಂದೇ ಇರಲಿ. ಬಸ್ಸು, ಬೆಂಚು ಅರಗಿಸಿಕೊಂಡವರಿಗೆ ಇದೇನು ಭಾರ?

ಮೈಸೂರಿನಿಂದ:
ಬೆಂಚಿನ ಮೇಲೆ ಕೂರಬಹುದು. ಇದನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ.

ವಿರಾಜಪೇಟೆಯಿಂದ:
ಮೆಣಸಿನ ಮಾತಿಗೆ ಸೋತೆ. ಅಧ್ಯಾಯಕ್ಕೆ ‘ಸಾರುವೆ’ ಎಂದು ಹೆಸರಿಟ್ಟು, ಮೊದಲ ಸಲ ಬರುವಲ್ಲಿ ‘ಕಲಿತ ಮೇಲೆ ಕಳಚುವ ನೆರವು’ ಎಂದು ಬಿಡಿಸಿದ್ದೇನೆ. ‘ಇಂಗ್ಲಿಷ್ ಬಾರದ ಮಕ್ಕಳು’ ಎಂದಿದ್ದ ಕಡೆಯೆಲ್ಲ ‘ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು’ ಎಂದು ತಿದ್ದಿದೆ. ಅದರ ಬಗ್ಗೆ ಯಾರೂ ಜಗಳ ತೆಗೆಯಲಿಲ್ಲ. ಎಲ್ಲರೂ ಜೊತೆಯಲ್ಲೇ ಕೂತು ಕಲಿಯುವ ಕೋಣೆಗೆ ಇಟ್ಟಿರುವ ‘ಮುಖ್ಯವಾಹಿನಿ ತರಗತಿ’ ಎಂಬುದು ಮಾತ್ರ ಇನ್ನೂ ಕುಟುಕುತ್ತಿದೆ. ಬೇರೆ ಪದವಿದ್ದರೆ ಭಾನುವಾರ ರಾತ್ರಿಯೊಳಗೆ ಹೇಳಿ. ತದ್ಭವವಾದರೂ ಅಡ್ಡಿಯಿಲ್ಲ.